ಹಿಂದಿನ ಲೈಟ್ ಹಾಕದ ಫೋಟೋ

"ನಿಜ ಹೇಳು. ಇದನ್ನ ಅವಸರದಲ್ಲಿ ತೆಗೆದೆಯಾ?"

ತಂಗಿಯ ಕಪ್ಪು-ಬಿಳುಪು ಫೋಟೋವನ್ನು ಅವಳು ಸ್ಟುಡಿಯೋದ ಮೇಜಿನ ಮೇಲಿಟ್ಟಳು.

ಅವಳೂ ಆ ಸ್ಟುಡಿಯೋದ ಫೋಟೋಗ್ರಾಫರೂ ಮದುವೆಯಾಗಬೇಕಿದ್ದವರು; ಎದುರುಬದುರಾಗಿದ್ದು ನಾಲ್ಕು ತಿಂಗಳ ಮೇಲೆ. ತಂಗಿ ತೀರಿಕೊಂಡ ಮೇಲೆ ಈ ಮಹಾರಾಯ ಅವರ ಮನೆ ಕಡೆ ತಲೆ ಹಾಕಿರಲಿಲ್ಲ. ಅವಳಿಗೆ ಸಿಟ್ಟು ಬರದೆ ಇನ್ನೇನು ಬರಬೇಕು, ನೀವೇ ಹೇಳಿ?

"ಹಿಂದಿನ ಗೋಡೆಗೆ ಲೈಟ್ ಹಾಕದಿದ್ದರೆ ಕಪ್ಪು ಕೂದಲು ಕತ್ತಲಲ್ಲಿ ಸೇರಿಹೋಗುತ್ತೆ ಅಂತ ನೀನೇ ಹೇಳಿಕೊಟ್ಟಿದ್ದಲ್ವಾ? ಯಾರ್ಯಾರಿಗೋ ಹಾಕ್ತೀಯ. ನನ್ನ ತಂಗಿಗೆ ಒಂದು ಸ್ವಿಚ್ ಒತ್ತೋಕೆ ನಿನ್ನ ಕೈಗೇನಾಗಿತ್ತು? ಮನೆ ಗೋಡೆಗೆ ಹಾಕೋಕೆ ನಮ್ಮ ಹತ್ತಿರ ಇರೋದು ಇದೊಂದೇ... ತಲೆ ಎಲ್ಲಿ ಮುಗಿಯುತ್ತೆ ಅಂತಾನೇ ಕಾಣಲ್ಲ."

ಫೋಟೋಗ್ರಾಫರ್ ಆ ಫೋಟೋವನ್ನು ಮೆಲ್ಲಗೆ ಅವಳ ಕಡೆಗೇ ಸರಿಸಿದ.

"ಬೇರೆ ಇದ್ದರೆ ಕೊಡು. ಆಮೇಲೆ ನಿನ್ನ ದಾರಿ ನಿನಗೆ, ನನ್ನ ದಾರಿ ನನಗೆ."

"ಇಲ್ಲ" ಅಂದ. ಅಂದವನ ಕಣ್ಣು ಮಾತ್ರ ಮೇಜಿನ ಡ್ರಾಯರ್ ಕಡೆ ಹೋಯಿತು. ಸುಳ್ಳು ಹೇಳೋಕೂ ಒಂದು ಯೋಗ್ಯತೆ ಬೇಕು ನೋಡಿ.

ಅವಳೇ ಡ್ರಾಯರ್ ಎಳೆದಳು. ಕಂದು ಕವರಿನೊಳಗೆ ಇನ್ನೊಂದು ಪ್ರಿಂಟ್ ಇತ್ತು.

ಅದರಲ್ಲಿ ಹಿಂದಿನ ಗೋಡೆ ಬೆಳ್ಳಗೆ ಬೆಳಗುತ್ತಿತ್ತು. ಆ ಬೆಳಕಿನ ಎದುರು ತಂಗಿಯ ತಲೆ. ಎಣಿಸಿಬಿಡಬಹುದಾದಷ್ಟು ಕೂದಲು... ನಡುನಡುವೆ ಬರೀ ಚರ್ಮ.

ಅಕ್ಕ ನರ್ಸ್. ಈ ಫೋಟೋ ತೆಗೆದಾಗ ಬೇರೆ ಊರಿನಲ್ಲಿ ಕೊನೆಯ ಆರು ತಿಂಗಳ ತರಬೇತಿಯಲ್ಲಿದ್ದಳು. ಇಂಥ ತಲೆಗಳನ್ನು ಕ್ಯಾನ್ಸರ್ ವಾರ್ಡಿನಲ್ಲಿ ದಿನಾ ನೋಡುತ್ತಿದ್ದಳು. ಈ ಪ್ರಿಂಟ್ ಆಗಲೇ ಕಂಡಿದ್ದರೆ ಯಾವ ಕಾಯಿಲೆ, ಯಾವ ಔಷಧಿ ಅಂತ ಅವಳಿಗೆ ಯಾರೂ ಹೇಳಬೇಕಿರಲಿಲ್ಲ.

'ಬರೀ ನಿಶ್ಶಕ್ತಿ ಅಕ್ಕಾ, ಬೇಕಾದರೆ ಫೋಟೋ ನೋಡು' ಅಂತ ತಂಗಿ ಆ ಕಪ್ಪು ಫೋಟೋ ಕಳಿಸಿದ್ದಳು. ನಂಬಿದ ಅಕ್ಕ ಪರೀಕ್ಷೆ ಬರೆಯುತ್ತಾ ಅಲ್ಲೇ ಉಳಿದಳು. ಎರಡು ತಿಂಗಳ ಮೇಲೆ ಬರುವಷ್ಟರಲ್ಲಿ ತಂಗಿಗೆ ಮಾತು ನಿಂತಿತ್ತು. ಅಮ್ಮ ಗೊತ್ತಿದ್ದೂ ತುಟಿ ಬಿಚ್ಚಿರಲಿಲ್ಲ ಅನ್ನೋದು ಆಮೇಲೆ ಗೊತ್ತಾಯಿತು. ಆದರೆ ಇವನೂ...?

"ನಿನಗೆ ಗೊತ್ತಿತ್ತು."

"ಮೊದಲು ಲೈಟ್ ಹಾಕಿಯೇ ತೆಗೆದೆ. ಪ್ರಿಂಟ್ ನೋಡಿ ಅತ್ತುಬಿಟ್ಟಳು. 'ಭಾವಾ, ಇದನ್ನ ನೋಡಿದರೆ ಅಕ್ಕ ಓದು ಬಿಟ್ಟು ಓಡಿಬರ್ತಾಳೆ, ಆ ಲೈಟ್ ಆರಿಸಿ' ಅಂದಳು. ಆರಿಸಿದೆ."

"ದಿನಾ ಫೋನಲ್ಲಿ ಮಾತಾಡ್ತಿದ್ದೆಯಲ್ಲೋ... ಒಂದೇ ಒಂದು ಮಾತು ಹೇಳಿದ್ದರೆ ಎರಡು ತಿಂಗಳು ಅವಳ ಪಕ್ಕದಲ್ಲಿರ್ತಿದ್ದೆ!"

"ಗುಣ ಆಗ್ತಾಳೆ ಅಂದುಕೊಂಡೆ. ತಪ್ಪು ನಂದೇ. ಯಾವ ಮುಖ ಇಟ್ಟುಕೊಂಡು ನಿನ್ನ ಮುಂದೆ ಬರಲಿ?"

ಅವಳು ಅವನ ಎದೆಗೆ ಗುದ್ದಿದಳು. ಅವನು ತಡೆಯಲಿಲ್ಲ, ಅಳುತ್ತಾ ನಿಂತಿದ್ದ.

'ನಾನಿಲ್ಲದಾಗ ಅವಳ ಜೊತೆ ಇದ್ದವನು ಇವನು... ಇವನನ್ನೂ ಕಳೆದುಕೊಂಡರೆ ಅವಳ ವಿಷಯ ಯಾರ ಹತ್ತಿರ ಮಾತಾಡಲಿ?' ಅನ್ನಿಸಿತು ಅವಳಿಗೆ.

"ನಿನ್ನನ್ನ ಕ್ಷಮಿಸೋಕಾಗ್ತಿಲ್ಲ ಕಣೋ. ಬಿಟ್ಟುಹೋಗೋಕೂ ಆಗ್ತಿಲ್ಲ."

"ಕ್ಷಮಿಸಬೇಡ. ಇರು, ಸಾಕು. ನೀನಿಲ್ಲದೆ ನನಗೂ ಆಗಲ್ಲ."

"ಇನ್ಮೇಲೆ ನನ್ನಿಂದ ಏನೂ ಮುಚ್ಚಿಡಬಾರದು."

"ಕೆಟ್ಟದ್ದಿದ್ದರೆ ಅದನ್ನೇ ಮೊದಲು ಹೇಳ್ತೀನಿ."

ಅವಳು ಕಣ್ಣೊರೆಸಿಕೊಂಡು ಕುರ್ಚಿಯಲ್ಲಿ ಕೂತಳು.

"ಹಾಗಾದರೆ ಈಗಲೇ ಶುರು ಮಾಡು. ಆ ಎರಡು ತಿಂಗಳು ಅವಳು ಹೇಗಿದ್ದಳು... ಒಂದೊಂದು ದಿನಾನೂ ಹೇಳು."

ಅವನು ಸ್ಟೂಲ್ ಎಳೆದುಕೊಂಡು ಎದುರು ಕೂತ.

"ಕೇಳಿದರೆ ನೋವಾಗುತ್ತೆ."

"ಆಗಲಿ" ಅಂದು ಅವಳು ಅವನ ಕೈ ಹಿಡಿದುಕೊಂಡಳು.