ರುದ್ರಾಣಿಯ ಬೆನ್ನ ಹಿಂದಿನ ಹಾಳು ಕೋಟೆ

"ನನ್ನ ಮದುವೆ ತಪ್ಪಿಸಿದ್ರಲ್ಲ, ಸಮಾಧಾನ ಆಯ್ತಾ?"

ಚಾಮರಾಜಪೇಟೆಯ ಆ ಸಣ್ಣ ಸ್ಟುಡಿಯೋದ ಬಾಗಿಲಲ್ಲಿ ನಿಂತು ರುದ್ರಾಣಿ ಕೇಳಿದಾಗ ಫೋಟೋಗ್ರಾಫರ್ ಏಕಾಂತಯ್ಯ ತಬ್ಬಿಬ್ಬಾದ.

ಅವಳು ಫೋಟೋವನ್ನು ಮೇಜಿನ ಮೇಲೆ ಬಿಸಾಡಿದಳು. ಗಂಡಿನ ಮನೆಗೆ ಕಳಿಸಲೆಂದು ಹೋದ ತಿಂಗಳು ಅವನೇ ತೆಗೆದದ್ದು. ಅವಳ ಹಿಂದೆ, ಅವನೇ ಬರೆದ ಪರದೆಯಲ್ಲಿ, ಕಡಲಿಗೆ ಚಾಚಿದ ಬಂಡೆಗುಡ್ಡ... ಅದರ ನೆತ್ತಿಯಲ್ಲಿ ಕುಸಿದ ಕೋಟೆ.

ಐವತ್ತೊಂದನೇ ಇಸವಿ. ಹೆಣ್ಣಿನ ಫೋಟೋ ಒಪ್ಪಿಗೆಯಾದ ಮೇಲೆಯೇ ಗಂಡಿನವರು ಬರುತ್ತಿದ್ದ ಕಾಲ. ತಲೆಯ ಹಿಂದೆ ಹಾಳು ಕೋಟೆ ಹೊತ್ತವಳು ಕಾಲಿಟ್ಟರೆ ಮನೆ ಉಳಿದೀತೇ ಎಂದು ಮಲ್ಲೇಶ್ವರದ ಗಂಡಿನ ತಾಯಿ ಗಿರಿಜಾಂಬಾ ಫೋಟೋ ವಾಪಸು ಕಳಿಸಿದ್ದರು!

ಬಣ್ಣ ಬಳಿದ ಬಟ್ಟೆಗೆ ಹೆದರುವ ಜನ! ಗೋಡೆಗೆ ಒರಗಿದ್ದ ಗುಲಾಬಿ ತೋಟದ ಪರದೆ ಕಂಡು ರುದ್ರಾಣಿಯ ಮೈಯೆಲ್ಲ ಉರಿಯಿತು.

"ಅದಿತ್ತಲ್ಲ, ಇದನ್ಯಾಕೆ ಹಾಕಿದ್ರಿ?"

ಅವನು ತಡವರಿಸುತ್ತ ಹೇಳಿದ. ಹಿಂದೊಮ್ಮೆ ಕರಾವಳಿಯಲ್ಲಿ ಆ ಗುಡ್ಡ ಹತ್ತಿದ್ದನಂತೆ. ಹಿಂದೆ ಶತ್ರು ಬಂದಾಗ ಅಲ್ಲಿನ ರಾಜ ದೋಣಿಯೇರಿ ಓಡಿಹೋದ, ರಾಣಿ ಕೋಟೆ ಬಿಡಲಿಲ್ಲ. ಕಡಲು ಉಬ್ಬಿದಾಗ ಅವಳು ಗಂಡನನ್ನು ಬಯ್ಯುವುದು ಈಗಲೂ ಕೇಳುತ್ತದೆ ಎಂದು ಮೀನುಗಾರರು ಹೇಳಿದರಂತೆ. ಫೋಟೋ ತೆಗೆದ ದಿನ ಕುರ್ಚಿ ಸರಿಯಿಲ್ಲ, ಬೆಳಕು ಸರಿಯಿಲ್ಲ ಎಂದು ಜಗಳವಾಡಿದ ರುದ್ರಾಣಿಯನ್ನು ನೋಡಿ ಅವನಿಗೆ ಆ ರಾಣಿಯೇ ನೆನಪಾದಳಂತೆ.

"ಅಂದ್ರೆ ನಾನು ಬಜಾರಿ."

ಅವನು ಬಾಯಿ ತೆರೆಯುವಷ್ಟರಲ್ಲಿ ಅವಳು ಹೊರಟುಹೋಗಿದ್ದಳು.

ನಾಲ್ಕು ದಿನ ಕಳೆದು ಅಪ್ಪ ಪಂಚಾಕ್ಷರಯ್ಯನವರೇ ಅವಳನ್ನು ಮತ್ತೆ ಕರೆತಂದರು. ತೋಟದ ಪರದೆಯ ಮುಂದೆ ಕೂತ ಫೋಟೋ ಕೊಟ್ಟರೆ ಯೋಚಿಸುತ್ತೇವೆ ಎಂದು ಗಿರಿಜಾಂಬಾ ಹೇಳಿಕಳಿಸಿದ್ದರು. ರುದ್ರಾಣಿ ಹಲ್ಲು ಕಚ್ಚಿ ಕೂತಳು. ಏಕಾಂತಯ್ಯ ಕ್ಯಾಮರಾದ ಕಪ್ಪು ಬಟ್ಟೆಯೊಳಗೆ ತಲೆ ಹಾಕಿದ. ಎಷ್ಟು ಹೊತ್ತಾದರೂ ಫೋಟೋ ತೆಗೆಯಲಿಲ್ಲ.

ಅಪ್ಪ ಗದರಿದರು. ಅವನು ತಲೆ ಹೊರತೆಗೆದಾಗ ಕಣ್ಣು ಕೆಂಪಾಗಿತ್ತು.

"ನನ್ ಕೈಲಿ ಆಗಲ್ಲ ಯಜಮಾನ್ರೇ. ಇದನ್ನ ನೋಡಿ ಅವ್ರು ಒಪ್ಪಿಬಿಟ್ರೆ... ನಂಗೆ ತಡ್ಕೊಳಕ್ಕಾಗಲ್ಲ."

ಅಪ್ಪ ಕೆಂಡವಾದರು. ರುದ್ರಾಣಿಗೆ ಅವರಿಗಿಂತ ಹೆಚ್ಚು ಕೋಪ ಬಂತು! ಅವತ್ತೇ ಹೇಳಬಾರದಿತ್ತೇ? ನಾಲ್ಕು ದಿನದಿಂದ ಇವನನ್ನೇ ಬಯ್ಯುತ್ತ, ಇವನನ್ನೇ ನೆನೆಯುತ್ತ ತಾನು ಬೆಂದದ್ದು ಇವನಿಗೇನು ಗೊತ್ತು... ಅವಳಿಗೆ ಅಳು ಉಕ್ಕಿತು.

"ಅಪ್ಪಾಜಿ, ನಾನು ಆ ಮನೆಗೆ ಹೋಗಲ್ಲ. ಪರದೆಗೆ ಹೆದರೋರು ನಾಳೆ ನನ್ನ ಕಷ್ಟಕ್ಕೆ ನಿಲ್ತಾರಾ?"

ಏಕಾಂತಯ್ಯನತ್ತ ನೆಟ್ಟ ಮಗಳ ಒದ್ದೆ ಕಣ್ಣು ಕಂಡು ಪಂಚಾಕ್ಷರಯ್ಯನವರಿಗೆ ವಿಷಯ ಅರ್ಥವಾಯಿತು. ಸೋಮವಾರ ಇವನು ತನ್ನ ಹಿರಿಯರನ್ನು ಕರೆದುಕೊಂಡು ಬಂದು ಹೆಣ್ಣು ಕೇಳಲಿ, ಆಮೇಲೆ ನೋಡೋಣ ಎಂದು ಗೊಣಗುತ್ತ ಮೆಟ್ಟಿಲಿಳಿದರು.

ರುದ್ರಾಣಿ ಕಣ್ಣೊರೆಸಿಕೊಂಡು ಅವನತ್ತ ತಿರುಗಿದಳು.

"ನನ್ನ ಕೋಪ ಇನ್ನೂ ಇಳಿದಿಲ್ಲ."

"ಗೊತ್ತು. ಭಾನುವಾರವೇ ಬರ್ಲಾ?"

"ಬನ್ನಿ," ಎಂದಳು, ಸಿಟ್ಟಿನ ದನಿಯಲ್ಲೇ.