ಮರಳದ ನೌಕೆಯ ಕೊನೆಯ ಕಂತು

"ಪೊಲೀಸ್‌ನವರು ಆಕಸ್ಮಿಕ ಅಂತ ಬರ್ಕೊಂಡು ಹೋದ್ರು ಡಾಕ್ಟ್ರಮ್ಮಾ. ನನಗೆ ಮಾತ್ರ ಆ ಮಾತು ಗಂಟಲಲ್ಲಿ ಇಳೀತಿಲ್ಲ," ಎಂದ ಬಂದವನು. ಸ್ನಾನ ಮಾಡಿ ಬಟ್ಟೆ ಬದಲಿಸಿ ಬಂದಿದ್ದರೂ ಅವನ ಮೈಯಿಂದ ಸುಟ್ಟ ಪ್ಲಾಸ್ಟಿಕ್ಕಿನ ಕಮಟು ಹೋಗಿರಲಿಲ್ಲ.

ಕಿವಿ ಡಾಕ್ಟರಮ್ಮನ ಮನೆಯ ಮುಂದಿನ ಕೋಣೆಯಲ್ಲಿ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದ ಮೇಷ್ಟ್ರು ಕೆಂಪು ಪೆನ್ನು ಕೆಳಗಿಟ್ಟರು. ಡಾಕ್ಟರಮ್ಮ ಅವರ ಸೋದರತ್ತೆ. ಜೀವಮಾನವೆಲ್ಲ ಊರವರ ಕಿವಿಗಳಲ್ಲಿ ಇಣುಕಿ ನೋಡಿದ್ದ ಆಕೆ, ದವಾಖಾನೆ ಮುಚ್ಚಿದ ಮೇಲೆ ಊರವರ ಬಾಯಿಗೆ ಕಿವಿಗೊಡತೊಡಗಿದ್ದರು. ಪೊಲೀಸರು ಕೈಚೆಲ್ಲಿದ ಕೆಲವು ಗಂಟುಗಳನ್ನು ಬಿಡಿಸಿಯೂ ಇದ್ದರು. ಅಂಥ ಹೊತ್ತಿನಲ್ಲೆಲ್ಲ ಅವರ ಚೀಲ ಹೊರುವ ಕೆಲಸ ಮೇಷ್ಟ್ರದು.

ಬಂದವನು ಟೇಪಕ್ಕನ ತಮ್ಮ. ಹಳೆಯ ಟೇಪುಗಳನ್ನು ತೊಳೆದು, ಒಣಗಿಸಿ, ಮತ್ತೆ ಓಡುವಂತೆ ಮಾಡುತ್ತಿದ್ದುದರಿಂದ ಆಕೆಗೆ ಆ ಹೆಸರು. ನಲವತ್ತು ವರ್ಷಗಳ ಹಿಂದೆ ಟೀವಿಯಲ್ಲಿ ಬಂದ 'ಮರಳದ ನೌಕೆ' ಧಾರಾವಾಹಿಯನ್ನು ಡಿಸ್ಕ್ ಮಾಡಿ ಮನೆಮನೆಗೆ ಮಾರಲು ಹೊರಟ ಕಂಪನಿ, ಅದರ ಟೇಪುಗಳನ್ನೆಲ್ಲ ಆಕೆಗೆ ಒಪ್ಪಿಸಿತ್ತು. ಭೂಮಿ ನಾಶವಾದ ಮೇಲೆ ಆಕಾಶದಲ್ಲಿ ಅಲೆಯುವ ಹಡಗೊಂದರ ಕತೆ ಅದು. ನೇರಪ್ರಸಾರವಾಗಿದ್ದ ಕೊನೆಯ ಕಂತು ಮಾತ್ರ ಯಾರ ಬಳಿಯೂ ಉಳಿದಿಲ್ಲ ಎಂದೇ ಎಲ್ಲರೂ ನಂಬಿದ್ದರು. ಅದು ಈಚೆಗೆ ಸಿಕ್ಕಿತ್ತು. ಸಿಕ್ಕಿದ ಸ್ವಲ್ಪ ದಿನಕ್ಕೇ ಟೇಪಕ್ಕನ ಒಳಕೋಣೆಯಲ್ಲಿ ಹೊಗೆ ತುಂಬಿ, ಟೇಪೂ ಆಕೆಯೂ ಒಟ್ಟಿಗೇ ಹೋಗಿದ್ದರು.

"ಹಳೇ ಟೇಪು ಅಂಟಂಟಾಗಿರುತ್ತೆ. ಸಣ್ಣ ಓವನ್ನಲ್ಲಿ ಹದವಾಗಿ ಬೆಚ್ಚಗಿಟ್ಟು ಒಣಗಿಸ್ಬೇಕು. ಬಿಸಿ ಹೆಚ್ಚಾಗಿ ಕರಗಿ ಹೊಗೆ ತುಂಬ್ಕೊಂಡಿದೆ, ನೋಡೋಕೆ ಓಡಿದ್ದಾಳೆ, ಜಾರಿ ತಲೆ ಹೊಡ್ಕೊಂಡಿದ್ದಾಳೆ ಅಂತಾರೆ ಇನ್ಸ್‌ಪೆಕ್ಟರು," ಎಂದ ತಮ್ಮ. "ಅಕ್ಕ ಊಟ ಮರೀಬಹುದು. ಆ ಓವನ್ ಮರೆಯೋಳಲ್ಲ. ಕೂಸಿನ ಹಣೆ ಮುಟ್ಟಿ ನೋಡೋ ಹಾಗೆ ಅದರ ಬಾಗಿಲು ಮುಟ್ಟಿ ನೋಡ್ತಿದ್ಲು."

ಡಾಕ್ಟರಮ್ಮ ಚಪ್ಪಲಿ ಮೆಟ್ಟಿದರು. ಮೇಷ್ಟ್ರು ಚೀಲ ಎತ್ತಿಕೊಂಡರು.

ಟೇಪಕ್ಕನ ಅಂಗಡಿ ಎರಡೇ ಕೋಣೆಗಳದು. ಹೊರಗಿನದರಲ್ಲಿ ಟೇಪು ಓಡಿಸುವ ಯಂತ್ರ, ಅದರ ಮೇಲೊಂದು ಪರದೆ, ಪಕ್ಕದಲ್ಲಿ ಕಂಪ್ಯೂಟರು. ಒಳಗಿನದಕ್ಕೆ ಕಿಟಕಿಯೇ ಇಲ್ಲ. ಗೋಡೆಯೆಲ್ಲ ಮಸಿ. ಓವನ್ನಿನ ಗುಂಡಿ ಕೊನೆಯವರೆಗೆ ತಿರುಗಿತ್ತು. ಒಳಗೆ ಕರಿಯ ರೀಲೊಂದಕ್ಕೆ ಟೇಪು ಡಾಂಬರಿನ ಹಾಗೆ ಅಂಟಿಕೊಂಡು ಮುದ್ದೆಯಾಗಿತ್ತು.

"ಈ ಇಟ್ಟಿಗೆ ಯಾಕಪ್ಪ ಇಲ್ಲಿ?" ಡಾಕ್ಟರಮ್ಮ ಗೋಡೆಯ ಬುಡ ತೋರಿಸಿದರು.

"ಬಾಗಿಲಿಗೆ ಒಳಗಿನ ಹಿಡಿ ಇಲ್ಲ, ಬಿದ್ದೋಗಿದೆ. ಮುಚ್ಕೊಂಡ್ರೆ ಒಳಗಿದ್ದೋರು ತೆಗೆಯೋಕಾಗಲ್ಲ. ಅದಕ್ಕೇ ಯಾವಾಗ್ಲೂ ಇಟ್ಟಿಗೆ ಅಡ್ಡ ಇಟ್ಟಿರ್ತೀವಿ. ಆವತ್ತು ನಾನು ಬಂದಾಗ ಇಟ್ಟಿಗೆ ಹೀಗೇ ಗೋಡೆ ಪಕ್ಕ ಇತ್ತು. ಬಾಗಿಲು ಮುಚ್ಚಿತ್ತು."

ಡಾಕ್ಟರಮ್ಮ ಬಾಗಿಲ ಒಳಮೈ ಮೇಲೆ ಬೆರಳಾಡಿಸಿದರು. ಮಸಿಯ ನಡುವೆ ಬಣ್ಣ ಕಿತ್ತುಬಂದ ಗೀರುಗಳು. ನಿಂತವರ ಎತ್ತರಕ್ಕಲ್ಲ, ನೆಲದಲ್ಲಿ ತೆವಳಿ ಬಂದವರ ಕೈಗೆ ಎಟಕುವ ಎತ್ತರಕ್ಕೆ. ಮೇಷ್ಟ್ರು ಅದನ್ನು ನೋಡಿ ತಲೆ ಬೇರೆಡೆ ತಿರುಗಿಸಿಕೊಂಡರು.

ಹೊರಗಿನ ಯಂತ್ರದ ಎಡಗಡೆ ನೀಲಿ ಬಣ್ಣ ಬಳಿದ ಖಾಲಿ ರೀಲೊಂದಿತ್ತು. ಬಲಗಡೆ ಬರಿದು.

"ಇದು ಹೇಗೆ ಓಡುತ್ತೆ?" ಎಂದು ಕೇಳಿದರು ಡಾಕ್ಟರಮ್ಮ.

"ತುಂಬಿದ ರೀಲು ಎಡಕ್ಕೆ, ಖಾಲಿದು ಬಲಕ್ಕೆ. ಓಡ್ತಾ ಓಡ್ತಾ ಟೇಪು ಬಲಕ್ಕೆ ಸುತ್ಕೊಳ್ಳುತ್ತೆ. ಓಡಿದ ಹಾಗೇ ಕಂಪ್ಯೂಟರಲ್ಲಿ ನಕಲೂ ಆಗುತ್ತೆ."

"ಕೊನೇ ಕಂತಿನ ನಕಲು ಆಗಿತ್ತಾ?"

"ಇಲ್ಲ ಅಂತಾನೇ ಎಲ್ಲರಿಗೂ ಹೇಳ್ತಿದ್ಲು. ಪಾಸ್‌ವರ್ಡ್ ಅವಳಿಗೊಬ್ಬಳಿಗೇ ಗೊತ್ತು. ಪೊಲೀಸ್‌ನವರು ಕಂಪ್ಯೂಟರ್ ತೆಗೆಸೋಕೆ ಯಾರನ್ನೋ ಕರೆಸ್ತಾರಂತೆ."

ಅಲ್ಲಿಂದ ಅವರು ಹೋದದ್ದು ಟೇಪು ಕೊಟ್ಟ ಮುದುಕಿಯ ಮನೆಗೆ. ಧಾರಾವಾಹಿಯಲ್ಲೊಬ್ಬ ಮೂಕ ಯಂತ್ರಮಾನವನಿದ್ದ. ಆ ತಗಡಿನ ವೇಷದೊಳಗೆ ಬೆವರು ಸುರಿಸಿದವನನ್ನು ಸ್ಟುಡಿಯೋದವರು ಕಬ್ಬಿಣದಣ್ಣ ಎನ್ನುತ್ತಿದ್ದರು. ಒಂದು ಕಂತಿನಲ್ಲೂ ಅವನ ಮುಖ ಕಾಣಲಿಲ್ಲ, ಹೆಸರು ಬರಲಿಲ್ಲ. ಆವತ್ತು ಸ್ಟುಡಿಯೋದಿಂದ ತಂದು ಅಟ್ಟಕ್ಕೇರಿಸಿದ್ದ ಕೊನೆಯ ಕಂತಿನ ಟೇಪನ್ನು, ಆತ ತೀರಿಹೋದ ಮೇಲೆ ಹೆಂಡತಿ ಕೆಳಗಿಳಿಸಿ ಟೇಪಕ್ಕನಿಗೆ ಕೊಟ್ಟಿದ್ದರು.

"ನೀಲಿ ರೀಲು," ಎಂದರು ಆಕೆ. "ಬೇರೆಯದರ ಜೊತೆ ಬೆರೀಬಾರ್ದು ಅಂತ ಅವರೇ ಬಣ್ಣ ಬಳಿದಿದ್ರು. ನಾನು ನೋಡಿದ್ದಿಲ್ಲ. ನೋಡೋಕೆ ಯಂತ್ರ ಎಲ್ಲಿತ್ತು ನಮ್ಮನೇಲಿ?"

"ಅವರು ಯಾಕೆ ಅದನ್ನ ಯಾರಿಗೂ ತೋರಿಸಲಿಲ್ಲ?"

ಆಕೆ ಸೆರಗಿನ ತುದಿ ಬೆರಳಿಗೆ ಸುತ್ತಿದರು, ಬಿಚ್ಚಿದರು. "ಅದು ಅವರ ಇಷ್ಟ," ಎಂದಷ್ಟೇ ಹೇಳಿದರು.

ಡಿಸ್ಕ್ ಕಂಪನಿಯ ಮ್ಯಾನೇಜರು ತಲೆ ಮೇಲೆ ಕೈ ಹೊತ್ತು ಕೂತಿದ್ದ. ಟೇಪಕ್ಕನ ಜೊತೆ ಫೋನಿನಲ್ಲಿ ಕೂಗಾಡಿದ್ದನ್ನು ಅವನು ಮುಚ್ಚಿಡಲಿಲ್ಲ. "ಎಲ್ಲಾ ಕಂತುಗಳೂ ಇವೆ ಅಂತ ಊರೆಲ್ಲ ಜಾಹೀರಾತು ಹಾಕ್ಸಿದೀನಿ. ಈವಮ್ಮ ಟೇಪು ಇನ್ನೂ ಒಣಗಿಲ್ಲ, ಓಡ್ತಿಲ್ಲ ಅಂತ ಒಂದೇ ರಾಗ. ಸಿಟ್ಟು ಬರಲ್ವಾ? ಆದ್ರೆ ಕೂತ ಕೊಂಬೆ ಕಡಿಯೋಕೆ ನನಗೇನು ಹುಚ್ಚಾ?"

ಕೊನೆಗೆ ಉಳಿದವರು ಕ್ಯಾಪ್ಟನ್. ನೌಕೆಯ ನಾಯಕನ ಪಾತ್ರ ಮಾಡಿದ ನಟನನ್ನು ಇಂದಿಗೂ ಜನ ಕರೆಯುವುದು ಹಾಗೆಯೇ. ಅವರ ಮನೆಯ ಮೆಟ್ಟಿಲು ಹತ್ತುವಾಗ ಮೇಷ್ಟ್ರ ಎದೆ ಹುಡುಗನ ಎದೆಯ ಹಾಗೆ ಹೊಡೆದುಕೊಳ್ಳುತ್ತಿತ್ತು. ಚಿಕ್ಕಂದಿನಲ್ಲಿ ಎದುರುಮನೆಯ ಕಿಟಕಿಯ ಸರಳು ಹಿಡಿದು ನಿಂತು ಮೇಷ್ಟ್ರು ಆ ಕೊನೆಯ ದೃಶ್ಯ ನೋಡಿದ್ದರು. ಶಿರಸ್ತ್ರಾಣ ತೊಟ್ಟ ನಾಯಕ ನಮಗೆ ಬೆನ್ನು ಮಾಡಿ ನಿಂತಿದ್ದಾನೆ, ಪಕ್ಕದಲ್ಲಿ ಯಂತ್ರಮಾನವ, ಆಚೆ ಬರೀ ಕತ್ತಲು. ಆಗ ಬಂದ ಆ ಮಾತು! ಮುಂದೆ ಕ್ಯಾಪ್ಟನ್ ಊರೂರು ಸುತ್ತಿ ಅದನ್ನೇ ಹೇಳಿದರು. ಮೇಷ್ಟ್ರ ಶಾಲೆಗೂ ಬಂದು ಹೇಳಿದ್ದರು. ಶಾಲೆಯ ಗೋಡೆಯ ಮೇಲೆ ಅದನ್ನು ಬರೆಸಿಯೂ ಇದ್ದರು: 'ಭೂಮಿ ಕಳೆದುಹೋಯಿತು. ಮನೆ ಕಳೆದಿಲ್ಲ. ನಾವಿರುವಲ್ಲೇ ನಮ್ಮ ಮನೆ.'

ಕ್ಯಾಪ್ಟನ್ ಇನ್ನೂ ನೆಟ್ಟಗಿದ್ದರು. ಗೋಡೆ ತುಂಬ ಅವರದೇ ಚಿತ್ರಗಳು.

"ಪಾಪದ ಹೆಣ್ಣುಮಗಳು," ಎಂದರು. "ನಾನು ಆ ಅಂಗಡಿ ಕಡೆ ಹೋದೋನಲ್ಲ. ಕೊನೇ ಕಂತನ್ನ ಆವತ್ತು ಮಾಡಿದ್ದಷ್ಟೇ, ಇವತ್ತಿಗೂ ಕಣ್ಣಲ್ಲಿ ನೋಡಿಲ್ಲ. ಇನ್ನು ನೋಡೋ ಭಾಗ್ಯಾನೂ ಇಲ್ಲ."

"ನಮ್ಮ ಮೇಷ್ಟ್ರು ನಿಮ್ಮ ಭಕ್ತರು," ಎಂದರು ಡಾಕ್ಟರಮ್ಮ. "ಆ ಮಾತು ಒಂದ್ಸಲ ಹೇಳ್ತೀರಾ? ಅವಳ ನೆನಪಿಗೆ."

ಕ್ಯಾಪ್ಟನ್ ಕಣ್ಣು ಮುಚ್ಚಿದರು. ದನಿ ಎಲ್ಲೋ ಆಳದಿಂದ ಬಂತು. "ಭೂಮಿ ಕಳೆದುಹೋಯಿತು. ಮನೆ ಕಳೆದಿಲ್ಲ. ನೀವಿರುವಲ್ಲೇ ನನ್ನ ಮನೆ."

ಮೇಷ್ಟ್ರ ಕಣ್ಣು ತುಂಬಿತು. ವಯಸ್ಸಾಯಿತು, ಮಾತು ಅತ್ತಿತ್ತ ಆಗಿದೆ, ಪಾಪ ಎಂದುಕೊಂಡರು. ಡಾಕ್ಟರಮ್ಮ ಸುಮ್ಮನೆ ಕೈಮುಗಿದು ಎದ್ದರು. ರಸ್ತೆಗೆ ಬಂದ ಮೇಲೆ ಕೇಳಿದರು, "ಮೇಷ್ಟ್ರೇ, ಆ ಧಾರಾವಾಹಿಯ ಮಾತು ಬರೆದ ಹಸ್ತಪ್ರತಿ ಎಲ್ಲಾದ್ರೂ ಸಿಗುತ್ತಾ?"

"ಅಚ್ಚಾಗಿದೆ ಅತ್ತೆ. ಶಾಲೇಲೇ ಇದೆ. ಗೋಡೆ ಮೇಲಿರೋದೇ ಅದರಲ್ಲೂ ಇರೋದು, ಅಕ್ಷರಕ್ಕೆ ಅಕ್ಷರ."

"ಹಾಗಾದ್ರೆ ಪೊಲೀಸ್‌ನವರು ಆ ಕಂಪ್ಯೂಟರ್ ಬೇಗ ತೆಗೆಸಲಿ," ಎಂದರು ಡಾಕ್ಟರಮ್ಮ. ಅವರ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ.

ಕಂಪ್ಯೂಟರು ತೆರೆದ ಮರುದಿನ ಡಿಸ್ಕ್ ಕಂಪನಿಯ ಚಿತ್ರ ನೋಡುವ ಕೋಣೆಯಲ್ಲಿ ಎಲ್ಲರೂ ಸೇರಿದರು. ಟೇಪಕ್ಕನ ತಮ್ಮ ಯಂತ್ರದ ಬಳಿ ಕೂತ. ಮ್ಯಾನೇಜರು ಉಗುರು ಕಚ್ಚುತ್ತಿದ್ದ. ಮುದುಕಿ ಮುಂದಿನ ಸಾಲಿನಲ್ಲಿ, ಕ್ಯಾಪ್ಟನ್ ಆಕೆಯಿಂದ ಒಂದು ಕುರ್ಚಿ ಬಿಟ್ಟು. ಇನ್ಸ್‌ಪೆಕ್ಟರು ಬಾಗಿಲಿಗೆ ಒರಗಿ ನಿಂತರು.

"ಇಟ್ಟಿಗೆ ತಾನಾಗಿ ನಡ್ಕೊಂಡು ಹೋಗಲ್ಲ," ಎಂದು ಶುರುಮಾಡಿದರು ಡಾಕ್ಟರಮ್ಮ. "ಹಿಡಿಯಿಲ್ಲದ ಬಾಗಿಲನ್ನ ಟೇಪಕ್ಕ ತಾನೇ ಮುಚ್ಕೊಂಡು ಒಳಗೆ ಕೂರೋಳೂ ಅಲ್ಲ. ಅಂದ್ಮೇಲೆ ಹೊರಗಿಂದ ಮುಚ್ಚಿದೋರು ಒಬ್ಬರಿದ್ರು. ಇನ್ನು ಟೇಪು. ಅಜ್ಜಿ ಕೊಟ್ಟಿದ್ದು ನೀಲಿ ರೀಲು. ಅದು ಯಂತ್ರದ ಎಡಗಡೆ ಖಾಲಿಯಾಗಿ ಕೂತಿದೆ. ಸುಟ್ಟ ಟೇಪಿರೋದು ಕರೀ ರೀಲಲ್ಲಿ. ಅಂದ್ರೆ ಟೇಪು ಆಗಲೇ ಒಣಗಿ, ಕೊನೇವರೆಗೂ ಓಡಿ, ಬಲಗಡೆ ರೀಲಿಗೆ ಸುತ್ಕೊಂಡಾಗಿತ್ತು. ಓಡಿದ ಟೇಪನ್ನ ಮತ್ತೆ ಒಣಗಿಸೋ ಕೆಲಸ ಇಲ್ಲ. ಅದನ್ನ ಬಿಚ್ಚಿ ಓವನ್ನಿಗೆ ಹಾಕಿದ ಕೈ ಅವಳದ್ದಲ್ಲ."

"ನಾನಂತೂ..." ಮ್ಯಾನೇಜರು ಎದ್ದ.

"ಕೂತ್ಕೊಳ್ಳಿ. ಓಡಿದ ಟೇಪಿನ ನಕಲು ಕಂಪ್ಯೂಟರಲ್ಲಿ ಉಳಿಯುತ್ತೆ ಅನ್ನೋದು ನಿಮಗೂ ಗೊತ್ತು, ಅವಳ ತಮ್ಮನಿಗೂ ಗೊತ್ತು. ನೀವಿಬ್ಬರಾಗಿದ್ರೆ ಕಂಪ್ಯೂಟರನ್ನ ಬಿಡ್ತಿರಲಿಲ್ಲ. ಟೇಪು ಸುಟ್ರೆ ಎಲ್ಲಾ ಮುಗೀತು ಅಂದ್ಕೊಂಡೋರು ಹಳೇ ಕಾಲದವರು. ಅಜ್ಜಿಗೆ ಬೇಡವಾಗಿದ್ರೆ ಟೇಪನ್ನ ಅಟ್ಟದ ಮೇಲೇ ಬಿಡ್ತಿದ್ರು. ಉಳಿದೋರು ಒಬ್ಬರು. ಅವರೇ ಬಾಯಿಬಿಟ್ಟು ನಂಗೆ ಹೇಳಿದ್ರು." ಡಾಕ್ಟರಮ್ಮ ಟೇಪಕ್ಕನ ತಮ್ಮನ ಕಡೆ ತಿರುಗಿದರು. "ಹಾಕಪ್ಪ."

ಪರದೆಯ ಮೇಲೆ ಮೇಷ್ಟ್ರ ಬಾಲ್ಯ ಬೆಳಗಿತು. ಅದೇ ಬೆನ್ನು, ಅದೇ ತಗಡಿನ ದೇಹ, ಅದೇ ಕತ್ತಲು. ಆದರೆ ಟೇಪಕ್ಕ ತೊಳೆದಿದ್ದ ಸದ್ದಿನಲ್ಲಿ ಆಗ ಯಾರಿಗೂ ಕೇಳದ್ದು ಕೇಳಿಸಿತು. ಶಿರಸ್ತ್ರಾಣದೊಳಗಿನಿಂದ ಹೆದರಿದ ಪಿಸುಮಾತು: "ಮರ್ತೋಯ್ತು... ಅಯ್ಯೋ, ಮರ್ತೋಯ್ತು ಕಣೋ." ಒಂದು ಉಸಿರಿನಷ್ಟು ಮೌನ. ಆಮೇಲೆ ತಗಡಿನ ಹಿಂದಿನಿಂದ, ಬೇರೆಯದೇ ದನಿ, ನಿಧಾನವಾಗಿ: "ಭೂಮಿ ಕಳೆದುಹೋಯಿತು. ಮನೆ ಕಳೆದಿಲ್ಲ. ನೀವಿರುವಲ್ಲೇ ನನ್ನ ಮನೆ."

ಮುದುಕಿಯ ಕೈ ಬಾಯಿಗೆ ಹೋಯಿತು.

"ಹಸ್ತಪ್ರತಿಯಲ್ಲಿ ಇದ್ದದ್ದು 'ನಾವಿರುವಲ್ಲೇ ನಮ್ಮ ಮನೆ,'" ಎಂದರು ಡಾಕ್ಟರಮ್ಮ. "ಕಬ್ಬಿಣದಣ್ಣನಿಗೆ ಮಾತು ಅರ್ಧ ಗೊತ್ತಿತ್ತು. ಉಳಿದರ್ಧ ಅವರೇ ಕಟ್ಟಿದ್ರು. ಹೆದರಿಕೆಯಲ್ಲಿ ಕ್ಯಾಪ್ಟನ್ ಅದನ್ನ ಸರಿಯಾಗಿ ಕೇಳಿಸ್ಕೊಳ್ಳಲಿಲ್ಲ. ನಲವತ್ತು ವರ್ಷ ಬಾಯಿಪಾಠದ ಮಾತನ್ನೇ ಹೇಳ್ಕೊಂಡು ಬಂದ್ರು. ಆವತ್ತು ಟೀವಿಯ ಕರಕರದಲ್ಲಿ ಒಂದೇ ಸಲ ಕೇಳಿದ ಜನ ದನಿಯ ವ್ಯತ್ಯಾಸ ತಿಳೀದೆ, ಆಮೇಲೆ ಕ್ಯಾಪ್ಟನ್ ಹೇಳಿದ್ದನ್ನೇ ನೆನಪಿಟ್ಕೊಂಡ್ರು. 'ನೀವಿರುವಲ್ಲೇ' ಅನ್ನೋದು ಈ ಲೋಕದಲ್ಲಿ ಇದ್ದದ್ದು ಆ ಟೇಪಲ್ಲಿ ಮಾತ್ರ. ನೋಡೇ ಇಲ್ಲ ಅಂದೋರ ನಾಲಿಗೆ ಮೇಲೆ ಅದು ಹೇಗೆ ಬಂತು ಕ್ಯಾಪ್ಟನ್?"

ಕ್ಯಾಪ್ಟನ್ ಪರದೆಯಿಂದ ಕಣ್ಣು ಕೀಳಲಿಲ್ಲ.

"ಅವಳೇ ಕರೆದ್ಲು," ಎಂದರು. "ಬೇರೆಯವರಿಗೆ ತೋರಿಸೋ ಮುಂಚೆ ನೀವು ನೋಡ್ಬೇಕು ಅಂದ್ಲು. ಅದಕ್ಕೇ ಎಲ್ಲರ ಹತ್ರ ಸುಳ್ಳು ಹೇಳ್ತಿದ್ಲಂತೆ. ನೋಡಿದೆ. ಟೇಪು ಕಿತ್ಕೊಂಡೆ. ಅಡ್ಡ ಬಂದ್ಲು, ತಳ್ಳಿದೆ. ಆ ಕೋಣೆ ಒಳಗೆ ಬಿದ್ಲು. ಓವನ್ನಿನ ಮೂಲೆ ತಲೆಗೆ... ಸತ್ತೋದ್ಲು ಅಂದ್ಕೊಂಡೆ. ಟೇಪನ್ನ ಓವನ್ನಿಗೆ ಹಾಕಿ, ಇಟ್ಟಿಗೆ ಸರಿಸಿ ಬಾಗಿಲು ಮುಚ್ಚಿದೆ."

"ಸತ್ತಿರಲಿಲ್ಲ," ಎಂದರು ಡಾಕ್ಟರಮ್ಮ. "ಬಾಗಿಲ ತನಕ ತೆವಳಿ ಬಂದಿದ್ದಾಳೆ. ಕೆರೆದಿದ್ದಾಳೆ."

ಕ್ಯಾಪ್ಟನ್ ತಲೆಯಾಡಿಸಿದರು. "ಕೇಳಿಸ್ತು," ಎಂದರು. "ಯಂತ್ರದ ಸದ್ದು ಅಂದ್ಕೊಂಡು ಹೊರಟೆ."

ಟೇಪಕ್ಕನ ತಮ್ಮ ತಲೆ ತಗ್ಗಿಸಿ ಕೂತಿದ್ದ. ಅವನ ಬೆನ್ನು ಮಾತ್ರ ಅಲುಗುತ್ತಿತ್ತು.

ಮುದುಕಿ ಕ್ಯಾಪ್ಟನ್ ಕಡೆ ತಿರುಗಿದರು. "ಆವತ್ತು ರಾತ್ರಿ ಮೇಕಪ್ ಕೋಣೇಲಿ ನೀವು ಅತ್ರಂತೆ. ನಮ್ಮೆಜಮಾನ್ರು ಮನೇಗೆ ಬಂದು ಹೇಳಿದ್ರು. ಜನಕ್ಕೆ ನಿಜ ಹೇಳ್ರಿ, ನಿಮಗೂ ಒಂದು ಹೆಸರು ಬರಲಿ ಅಂತ ನಾನು ಹಟ ಮಾಡಿದೆ. 'ಅವನಿಗೆ ಇರೋದು ಅದೊಂದೇ ಕಣೇ, ನನಗೆ ನೀನಿದ್ದೀಯ' ಅಂದುಬಿಟ್ರು. ಅವರು ಹೋದ್ಮೇಲೆ ನನಗೆ ಯಾರೂ ಇರಲಿಲ್ಲ. ಅವರ ದನಿ ಒಂದ್ಸಲ ಕೇಳೋಣ ಅಂತ ಕೊಟ್ಟೆ, ಅಷ್ಟೇ."

"ಇನ್ನೊಂದಿದೆ," ಎಂದ ತಮ್ಮ, ತಲೆಯೆತ್ತದೆ.

ಕ್ಯಾಪ್ಟನ್ ಬೆಚ್ಚಿದರು. "ಅವಳೂ ಹಾಗೇ ಅಂದ್ಲು. ಕೂತ್ಕೊಳ್ಳಿ, ಇನ್ನೊಂದಿದೆ, ಅದನ್ನ ನೋಡಿ ಅಂತಿದ್ಲು. ನನಗೆ ಕೇಳೋ ವ್ಯವಧಾನ ಇರಲಿಲ್ಲ."

ಟೇಪಕ್ಕನ ತಮ್ಮ ಗುಂಡಿ ಒತ್ತಿದ. ಅದೇ ದೃಶ್ಯ ಮತ್ತೆ ಬಂತು. ಬಿಡುಗಡೆಗೆಂದು ಟೇಪಕ್ಕ ಬೇರೆಯಾಗಿ ಸಿದ್ಧಮಾಡಿಟ್ಟಿದ್ದ ನಕಲು ಅದು. ಬೆನ್ನು, ತಗಡಿನ ದೇಹ, ಕತ್ತಲು. ಪಿಸುಮಾತು ಬರಬೇಕಾದ ಕಡೆ ಏನೂ ಇರಲಿಲ್ಲ. ಆಕೆ ಅದನ್ನು ನವಿರಾಗಿ ಒರೆಸಿಬಿಟ್ಟಿದ್ದಳು. ನಾಯಕ ಬರೀ ಯೋಚಿಸುತ್ತ ನಿಂತ ಹಾಗಿತ್ತು. ಆಮೇಲೆ ಆ ದನಿ, ಆ ಮಾತು. ಕೊನೆಗೆ ಪಾತ್ರಧಾರಿಗಳ ಹೆಸರುಗಳು ಮೇಲೇರಿದವು. ಮೊದಲು ಕ್ಯಾಪ್ಟನ್ನರದು. ಅದರ ಕೆಳಗೇ, ಹೊಸದಾಗಿ ಸೇರಿಸಿದ್ದು, ಕಬ್ಬಿಣದಣ್ಣನ ನಿಜವಾದ ಹೆಸರು.

ಇನ್ಸ್‌ಪೆಕ್ಟರು ಬಂದು ಕ್ಯಾಪ್ಟನ್ನರ ಭುಜ ಮುಟ್ಟಿದರು. ಮುದುಕ ಎದ್ದ. ಏನೋ ಹೇಳಲು ಮುದುಕಿಯ ಮುಂದೆ ನಿಂತ. ಆಕೆ ಅವನನ್ನು ನೋಡಲಿಲ್ಲ. ಟೇಪಕ್ಕನ ತಮ್ಮನಿಗೆ ಕೈಸನ್ನೆ ಮಾಡಿದರು.

"ಅವರ ಮಾತು ಇನ್ನೊಂದ್ಸಲ ಹಾಕಪ್ಪ," ಎಂದು ಕಣ್ಣು ಮುಚ್ಚಿಕೊಂಡರು.