ಕಣ್ಣು ಮುಚ್ಚಿ ನೋಡಿದ ಸಿನಿಮಾ

"ಕೈ ಸಡಿಲ ಬಿಡಿ... ಉಸಿರು ಬಿಡಿ... ಈಚೆಗೆ ಯಾವ ಸಿನಿಮಾ ನೋಡಿದ್ರಿ?"

ಕುರ್ಚಿಯಲ್ಲಿ ಕುಳಿತವನು ಕಣ್ಣುಗಳನ್ನು ಬಿಗಿಯಾಗಿ ಮುಚ್ಚಿಕೊಂಡಿದ್ದ. ಬಲಗಾಲು ನೆಲವನ್ನು ಒತ್ತಿ ಹಿಡಿದಿತ್ತು.

"ಸಿನಿಮಾನಾ? ಈಗ್ಯಾಕೆ ಮೇಡಂ?"

"ಹೇಳಿ, ಹೇಳಿ."

ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಅವಳು ಕಂಡುಕೊಂಡ ಉಪಾಯವಿದು. ಸಿನಿಮಾದ ಮಾತು ಬಂದರೆ ಜನ ಸೂಜಿಯನ್ನು ಮರೆಯುತ್ತಾರೆ. ಕೊಲೆಗಾರ ಯಾರೆಂದು ಹೇಳಿ ಮುಗಿಸುವಷ್ಟರಲ್ಲಿ ಟ್ಯೂಬು ತುಂಬಿರುತ್ತದೆ!

"ಅದೇ, ದೆವ್ವದ ಕಾಮಿಡಿ... ಬಾಡಿಗೆ ಮನೆಗೆ ದೆವ್ವಾನೇ ಓನರ್ ಆಗಿರತ್ತಲ್ಲ, ಅದು. ಎಲ್ಲರೂ ನಗ್ತಿದ್ರು. ಆದ್ರೆ ಆ ದೆವ್ವ ಒಂದು ಜೋಗುಳ ಗುನುಗತ್ತೆ ನೋಡಿ... ನಂಗೆ ಪಾಪ ಅನ್ನಿಸ್ಬಿಡ್ತು."

ಜೋಗುಳವೇ? ಅದೇ ಸಿನಿಮಾವನ್ನು ಅವಳೂ ನೋಡಿದ್ದಳು. ಆದರೆ ಜೋಗುಳ...?

"ಹೂಂ, ಚೆನ್ನಾಗಿತ್ತು" ಎಂದುಬಿಟ್ಟಳು. "ಹತ್ತಿ ಒತ್ತಿ ಹಿಡ್ಕೊಳ್ಳಿ."

"ಆಯ್ತಾ? ಚುಚ್ಚಿದ್ರಾ?!"

ಅವನು ಕಣ್ಣು ಬಿಟ್ಟ. ಆ ಕಣ್ಣುಗಳಲ್ಲಿದ್ದ ಬೆರಗು ಸಂಜೆಯವರೆಗೂ ಅವಳ ಬೆನ್ನು ಬಿಡಲಿಲ್ಲ.

ಅವನು ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಕಲಿಯುವವರ ಪಕ್ಕ ಕುಳಿತು, ತನ್ನ ಕಾಲಡಿಯ ಬ್ರೇಕು ಒತ್ತುತ್ತಾ "ಹೆದರಬೇಡಿ" ಎನ್ನುವುದೇ ಅವನ ಕೆಲಸ. ಅಂದಿನಿಂದ ಅಪ್ಪನ ಸಕ್ಕರೆ ಕಾಯಿಲೆಯ ಬಗ್ಗೆ ಅವನಿಗೆ ವಿಪರೀತ ಕಾಳಜಿ ಬಂತು. ಅಪ್ಪನನ್ನು ಕರೆತರುವುದು, ಹೋಗುವ ಮುನ್ನ ಹೊಸ ಸಿನಿಮಾದ ಬಗ್ಗೆ ನಾಲ್ಕು ಮಾತಾಡುವುದು... ಅವನು ಹೇಳುವ ಸಿನಿಮಾನೇ ಬೇರೆ, ತಾನು ನೋಡಿದ್ದೇ ಬೇರೆ ಅನ್ನಿಸುತ್ತಿತ್ತು ಅವಳಿಗೆ. ಅದು ಹೇಗೆ? ಆ ಕುತೂಹಲಕ್ಕಾಗಿಯೇ ಅವಳು ಕಾಯತೊಡಗಿದಳು.

ಒಂದು ದಿನ ಮಾತು ಹೊಸ ಥ್ರಿಲ್ಲರೊಂದರತ್ತ ಹೊರಳಿತು.

"ಕೊನೆ ಸೀನ್ ಸೂಪರ್ ಮೇಡಂ. ಹೊರಗೆ ಮಳೆ. ಒಳಗೆಲ್ಲೋ ನೀರು ತೊಟ್ಟಿಕ್ಕೋ ಸದ್ದು. ನಲ್ಲಿ ಸರಿಯಾಗಿ ನಿಲ್ಲಿಸಿಲ್ಲ ಅನ್ಕೊಂಡೆ..."

"ಆ ಹಳದಿ ರೈನ್‌ಕೋಟ್ ಕಂಡಾಗ ಏನನ್ನಿಸ್ತು?"

"ಯಾವ ರೈನ್‌ಕೋಟು?"

ಇಡೀ ಸಿನಿಮಾ ನೇತಾಡುತ್ತಿದ್ದುದೇ ಆ ಕೋಟಿನ ಮೇಲೆ!

"ಮೇಷ್ಟ್ರೇ, ನೀವು ಸಿನಿಮಾ ನೋಡೇ ಇಲ್ಲ."

"ಇಲ್ಲ ಮೇಡಂ, ಹೋಗಿದ್ದೆ..."

"ಹೋಗಿದ್ರಾ, ನೋಡಿದ್ರಾ?"

ಅವನ ಮುಖ ಕೆಂಪಾಯಿತು.

"ನನ್ನ ಹತ್ರ ಸುಳ್ಳು ಹೇಳೋ ಅಗತ್ಯ ಏನಿತ್ತು?"

ಅವನು ತಲೆ ತಗ್ಗಿಸಿ ಹೊರಟುಹೋದ.

ಹಿಂದೊಮ್ಮೆ ಅವಳ ಮದುವೆ ನಿಶ್ಚಯವಾಗಿ ಮುರಿದುಬಿದ್ದಿತ್ತು. ವರ ಮಹಾಶಯ ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಆಫೀಸಿಗೆಂದು ಹೊರಡುತ್ತಿದ್ದ, ಪಾರ್ಕಿನ ಬೆಂಚಿನ ಮೇಲೆ ಕುಳಿತು ಸಂಜೆ ಮನೆಗೆ ಬರುತ್ತಿದ್ದ. ಕೆಲಸವಿಲ್ಲದ್ದಕ್ಕೆ ಅವಳು ನೊಂದಿರಲಿಲ್ಲ. ಸಂಜೆ ಫೋನು ಮಾಡಿ 'ಇವತ್ತು ತುಂಬಾ ಕೆಲಸ' ಎನ್ನುತ್ತಿದ್ದನಲ್ಲ, ಅದಕ್ಕೆ ನೊಂದಿದ್ದಳು. ಹಾವು ಕಚ್ಚಿದವಳಿಗೆ ಹಗ್ಗವೂ ಹಾವೇ.

'ಇವನೂ ಹಾಗೇನಾ...?'

ಮುಂದಿನ ತಿಂಗಳು ಅವನ ಅಪ್ಪ ಒಬ್ಬರೇ ಬಂದರು. ಅವಳ ಬಾಯಿಗೆ ಅದೇ ಪ್ರಶ್ನೆ ಬಂತು.

"ಯಾವ ಸಿನಿಮಾ ನೋಡಿದ್ರಿ ಅಂಕಲ್?"

"ನನ್ನ ಮಗನ ಜೊತೆ ಒಂದ್ಸಲ ಹೋಗಿ ಸಾಕಾಯ್ತು ತಾಯಿ! ದುಡ್ಡು ಕೊಟ್ಟು ಒಳಗೆ ಹೋಗ್ತಾನೆ, ಕಣ್ಣು ಮುಚ್ಕೊಂಡು ಕೂರ್ತಾನೆ. ರಸ್ತೇಲಿ ಹುಲಿ, ಥಿಯೇಟರಲ್ಲಿ ಇಲಿ! 'ಕೇಳೋಕೂ ಚೆನ್ನಾಗಿರತ್ತಪ್ಪಾ' ಅಂತಾನೆ. ಮುಂಚೆ ವರ್ಷಕ್ಕೊಂದು ಹೋಗ್ತಿದ್ದ. ಈಗ ಯಾವ ಸೂಜಿ ಚುಚ್ಚಿತೋ, ವಾರ ವಾರ ಹೋಗ್ತಾನೆ!"

ಅವಳ ಕೈ ಗಾಳಿಯಲ್ಲೇ ನಿಂತಿತು.

ಜೋಗುಳ... ಮಳೆ... ತೊಟ್ಟಿಕ್ಕುವ ನೀರು... ಅವನು ಹೇಳಿದ್ದೆಲ್ಲ ಕಿವಿಗೆ ಬಿದ್ದದ್ದು. ಅದರಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ!

ಮತ್ತೆ ತಾನು? ದಿನವಿಡೀ ರಕ್ತ ನೋಡುವವಳಿಗೆ ತೆರೆಯ ಮೇಲಿನ ರಕ್ತದ ಹೆದರಿಕೆಯಿಲ್ಲ. ಆದರೆ ಬಾಗಿಲೊಂದು ಕಿರ್ರೆಂದರೆ ಸಾಕು, ಎರಡೂ ಕಿವಿಗೆ ಬೆರಳು! ಜೋಗುಳ ಕೇಳದೆಯೇ 'ಚೆನ್ನಾಗಿತ್ತು' ಎಂದವಳು ತಾನೇ ಅಲ್ಲವೇ?

"ಅಮ್ಮಾ, ಚುಚ್ತೀಯಾ, ಇಲ್ಲಾ ಊಟಕ್ಕೆ ಹೋಗ್ಲಾ?"

ಅವಳು ನಕ್ಕುಬಿಟ್ಟಳು. "ಅಂಕಲ್, ಭಾನುವಾರ ಮ್ಯಾಟಿನಿಗೆ ಬರ್ಬೇಕಂತೆ ಅಂತ ಹೇಳಿ. ಅದೇ ರೈನ್‌ಕೋಟ್ ಸಿನಿಮಾ."

"ನಾನಾ, ಅವನಾ?"

"ಅಂಕಲ್!"

ಭಾನುವಾರ ಅವನು ಬಂದ. ಪಕ್ಕದ ಸೀಟಿನ ತುದಿಯಲ್ಲಿ ಕುಳಿತ.

"ಅಪ್ಪ ಎಲ್ಲ ಹೇಳ್ಬಿಟ್ರಂತೆ... ಊರಿಗೆಲ್ಲ 'ಹೆದರಬೇಡಿ' ಅಂತ ಪಾಠ ಮಾಡೋನು, ನಿಮ್ಮ ಹತ್ರ ಹೇಗೆ ಹೇಳೋದು ಮೇಡಂ?"

"ನಂದೂ ಕೇಳಿ. ಆ ಜೋಗುಳ ನಾನು ಕೇಳೇ ಇಲ್ಲ. ಕಿವೀಲಿ ಬೆರಳಿತ್ತು. ಸುಳ್ಳು ಹೇಳಿದ್ದು ನಾನೇ... ತಪ್ಪಾಯ್ತು."

ಅವನು ಬೆಪ್ಪಾಗಿ ನೋಡಿದ. ಮರುಕ್ಷಣ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಹಿಂದಿನ ಸಾಲಿನವರು "ಶ್!" ಎಂದರು.

ಕೊನೆಯ ದೃಶ್ಯ ಬಂತು. ಅವನ ಕಣ್ಣು ಮುಚ್ಚಿತು, ಕಾಲು ಅಲ್ಲಿರದ ಬ್ರೇಕನ್ನು ಒತ್ತಿತು. ಅವಳ ಬೆರಳು ಕಿವಿ ಸೇರಿತು.

"ಈಗ ಏನು ಕಾಣ್ತಿದೆ?"

ಅವಳು ಒಂದು ಕಿವಿಯ ಬೆರಳು ತೆಗೆದಳು. "ಬಾಗಿಲ ಹಿಂದೆ ರೈನ್‌ಕೋಟು. ಒದ್ದೆಯಾಗಿದೆ... ಹೀರೋಯಿನ್ ಯಾಕೆ ತಟ್ಟನೆ ತಿರುಗಿದ್ಲು?"

"ನೀರು ತೊಟ್ಟಿಕ್ತು... ಓ! ನಲ್ಲಿ ಅಲ್ಲ, ಕೋಟು! ಕೊಲೆಗಾರ ಒಳಗೇ ಇದ್ದಾನೆ!"

ಎರಡನೇ ಸಲ ಬಂದಾಗ ಸಿನಿಮಾ ಇಬ್ಬರಿಗೂ ಪೂರ್ತಿ ಅರ್ಥವಾಗಿತ್ತು.

ಅವಳು ಮತ್ತೆ ಕಿವಿ ಮುಚ್ಚಿಕೊಂಡಳು. ಅವನ ತುಟಿ ಅಲುಗಿದ್ದು ಕಂಡು ಒಂದು ಬೆರಳು ಸಡಿಲಿಸಿದಳು.

"ಏನಂದ್ರಿ?"

"ಹೆದರಿಕೆ ಆಗ್ತಿದೆ ಅಂದೆ."

"ಸಿನಿಮಾಗಾ?"

ಅವನು ಕಣ್ಣು ಬಿಟ್ಟ. ಆ ಭಯಂಕರ ದೃಶ್ಯದ ನಡುವೆ, ಅವಳತ್ತ ತಿರುಗಿ.

"ಅಲ್ಲ. ನನ್ನ ಮದ್ವೆ ಆಗ್ತೀರಾ ಅಂತ ಕೇಳ್ಬೇಕು. ನೀವು ಬೇಡ ಅಂದ್ಬಿಟ್ರೆ ಅಂತ."

ಅವಳು ಎರಡೂ ಬೆರಳು ತೆಗೆದಳು. ತೆರೆಯ ಮೇಲೆ ಬಾಗಿಲು ದಢಾರೆಂದಿತು. ಬೆಚ್ಚಿಬಿದ್ದಳು... ಆದರೂ ಅವಳ ಕೈ ಕಿವಿಗೆ ಹೋಗಲಿಲ್ಲ. ಮುಷ್ಟಿ ಕಟ್ಟಿದ್ದ ಅವನ ಕೈಯ ಮೇಲೆ ಬಂದು ಕುಳಿತಿತು.

"ಕೈ ಸಡಿಲ ಬಿಡಿ... ಉಸಿರು ಬಿಡಿ..."

"ಚುಚ್ತೀರಾ?"

"ಇಲ್ಲ. ಹಿಡ್ಕೋತೀನಿ."